ನೆಲಮಾಳಿಗೆಗೊಂದು ಟಿವಿ

ಮಂದಿ ಕೂಡುವ ಪ್ರತಿ ಕೋಣೆಯಲ್ಲೂ ತಲೆ ಎಣಿಸುವ ಟಿವಿ ಇರಲೇಬೇಕೆಂದು ಸರ್ಕಾರದ ಆಜ್ಞೆ. ನೀಲವ್ವನ ನೆಲಮಾಳಿಗೆಗೆ ಸೋಮವಾರದ ಗಡುವು ಬಂದಿತ್ತು. ಅಂಗಡಿಯಲ್ಲಿ ಅವಳು ಟಿವಿಗಳನ್ನು ನೋಡಿದಳು, ಅವೂ ಅವಳನ್ನು ನೋಡಿದವು. ಪ್ರತಿ ಪರದೆಯ ಮೂಲೆಯಲ್ಲೂ ‘ಮಂದಿ: 2’ ಎಂದು ಬಂತು. ಒಬ್ಬಳು ಅವಳು, ಎರಡನೆಯವನು ಮಾರಾಟಗಾರ ದಾವಲಸಾಬ.

“ಮನ್ಯಾಗ ಎಷ್ಟ ಮಂದಿ ಅಕ್ಕಾರ?”

“ನಾನು, ನಮ್ಮ ಮನಿಯವ್ರು. ಇಬ್ಬರ.”

“ಇಬ್ಬರಿಗೆ ಎಂಬತ್ತೈದು ಇಂಚ? ಓಣಿಗೆಲ್ಲಾ ಟಾಕೀಸು ತೆಗೀತೀರೇನು?”

ನೀಲವ್ವ ನಕ್ಕಂತೆ ಮಾಡಿದಳು. ಅವಳ ತಮ್ಮ ಫಕೀರಪ್ಪ ಏಳು ತಿಂಗಳಿಂದ ನೆಲಮಾಳಿಗೆಯ ಮೆಟ್ಟಿಲ ಕೆಳಗಿನ ಸಂದಿನಲ್ಲಿ ಅಡಗಿದ್ದ. ಗಿರಣಿ ಮುಷ್ಕರದಲ್ಲಿ ಲಾಠಿ ಬೀಸಿ ಅವನ ಎರಡೂ ಕಿವಿ ಕೆಡಿಸಿದವರೇ ಈಗ ಅವನನ್ನು ಹುಡುಕುತ್ತಿದ್ದರು. ಮೆಟ್ಟಿಲು ಅಡ್ಡಬಂದು ಟಿವಿಯ ಮೇಲಂಚಿನ ಕಣ್ಣಿಗೆ ಆ ಸಂದು ಕಾಣಬಾರದು, ಸಂದಿನಲ್ಲಿದ್ದವನಿಗೆ ಪರದೆಯ ಕೆಳಗಿನ ಅರ್ಧವಾದರೂ ಕಾಣಬೇಕು. ಅದಕ್ಕೇ ಅಷ್ಟು ದೊಡ್ಡದು ಬೇಕಿತ್ತು.

“ಮಾತೆಲ್ಲಾ ಕೆಳಗ ಅಕ್ಷರದಾಗ ಬರಬೇಕ್ರಿ, ದಪ್ಪಗ,” ಎಂದಳು. “ಕಿವಿ ಕೇಳಂಗಿಲ್ಲ.”

“ಯಾರಿಗೆ?”

ಗೋಡೆಯ ಟಿವಿಗಳೆಲ್ಲ ಒಮ್ಮೆಗೇ ಹಾಡು ನಿಲ್ಲಿಸಿದವು. ಅವು ಕಿವಿಗೊಟ್ಟಿದ್ದವು.

ದಾವಲಸಾಬ ಅವಳ ಮುಖ ನೋಡಿದ, ಪರದೆಗಳನ್ನೂ ನೋಡಿದ. ಆಮೇಲೆ ಕೈಯಾಡಿಸುತ್ತ ಗಟ್ಟಿಯಾಗಿ ಕೂಗಿದ: “ನಿಮಗ ಕೇಳಂಗಿಲ್ಲೇನ್ರಿ ಅಕ್ಕಾರ! ಇಷ್ಟೊತ್ತು ತುಟಿ ನೋಡಿ ಮಾತಾಡಿದ್ರೇನು? ನನಗ ಗೊತ್ತ ಆಗಲಿಲ್ಲ ನೋಡ್ರಿ!”

ಅವಳು ಅವನ ತುಟಿಗಳನ್ನೇ ದಿಟ್ಟಿಸಿ ತಲೆಯಾಡಿಸಿದಳು.

ಬೆನ್ನ ಹಿಂದಿನ ಟಿವಿಯೊಂದು ಮೆಲ್ಲಗೆ, ಅಕ್ಕರೆಯಿಂದ ಕರೆಯಿತು: “ನೀಲವ್ವಾ.”

ಅವಳು ತಿರುಗಲಿಲ್ಲ.

“ನೀಲವ್ವಾ, ಫಕೀರಪ್ಪ ಸಿಕ್ಕಿದ್ದಾನೆ.”

ಅವಳು ದಾವಲಸಾಬನ ತುಟಿಗಳನ್ನೇ ನೋಡುತ್ತ ನಿಂತಳು.