ಅವಳಿಗಳ ನಗು

"ನಿಮ್ಮಮ್ಮ ಬಂದಿದಾರೆ, ಒಳಗೆ ಕಳಿಸ್ಲಾ?" ಎಂದು ನರ್ಸ್ ಕೇಳಿದಾಗ, ಗ್ಲೆನಿಸ್‌ಳ ಕಿವಿಯ ಹಿಂದಿನ ಕೊನೆಯ ಹೊಲಿಗೆ ಆಗಷ್ಟೇ ಬಿಚ್ಚಿಯಾಗಿತ್ತು. ಮುಖದ ಸುಕ್ಕು ತೆಗೆಸುವ ಆಪರೇಷನ್ ಮುಗಿದು ವಾರ ಕಳೆದಿತ್ತು. ಬಾಗಿಲಲ್ಲಿ ನಿಂತಿದ್ದವಳು ಅವಳ ಅವಳಿ ಅಕ್ಕ ರೋಂಡಾ. ಗಂಡನ ಜೊತೆ ಸಿಗಡಿ ಹಿಡಿಯುವ ದೋಣಿಯಲ್ಲಿ ದುಡಿದು, ಕ್ವೀನ್ಸ್‌ಲ್ಯಾಂಡ್‌ನ ಬಿಸಿಲನ್ನೆಲ್ಲ ಕೆನ್ನೆಯ ಮೇಲೆ ಹೊತ್ತವಳು.

ಗ್ಲೆನಿಸ್ ನಾಚಿಕೆಯಿಂದ ಕುಗ್ಗಿಹೋದಳು. ರೋಂಡಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಹೂಂ ಕಣಮ್ಮಾ, ಇವಳನ್ನ ಹೆರೋಕೆ ನಾನು ಪಟ್ಟ ಪಾಡು ನನಗೇ ಗೊತ್ತು!" ಎಂದು ಗೊಳ್ಳೆಂದು ನಕ್ಕಳು. ಗ್ಲೆನಿಸ್‌ಗೂ ನಗು ಉಕ್ಕಿ ಬಂತು. ಆದರೆ ಎಳೆದು ಬಿಗಿದ ಚರ್ಮ ಅಲುಗಲಿಲ್ಲ.

ರೋಂಡಾಳ ನಗು ಅರ್ಧಕ್ಕೇ ನಿಂತಿತು. ತಾನು ನಕ್ಕರೆ ಹೇಗೆ ಕಾಣುತ್ತೇನೆಂದು ಅವಳು ಇಷ್ಟು ವರ್ಷವೂ ತಿಳಿದದ್ದು ತಂಗಿಯ ಮುಖ ನೋಡಿಯೇ.

"ಕೋಪಾನೇನೇ?" ಎಂದಳು ಮೆಲ್ಲಗೆ.

"ಇಲ್ಲ ಕಣೇ, ನಗ್ತಾ ಇದೀನಿ."

ರೋಂಡಾ ಹತ್ತಿರ ಬಂದು, ಆ ನಗುವನ್ನು ಹುಡುಕುವವಳಂತೆ ತಂಗಿಯ ಕೆನ್ನೆಯನ್ನು ಬೆರಳ ತುದಿಯಿಂದ ಸವರಿದಳು. ಕೆನ್ನೆ ಇನ್ನೂ ಮರಗಟ್ಟಿತ್ತು. ಅಕ್ಕನ ಬೆರಳು ಗ್ಲೆನಿಸ್‌ಗೆ ಕಂಡಿತು, ಅದರ ಸ್ಪರ್ಶ ಮಾತ್ರ ತಿಳಿಯಲಿಲ್ಲ.