ಎಡಕ್ಕೆ ವಾಲಿದ ಕತ್ತು

“ಪಾಪ, ಇವರ ಕತ್ತು ಉಳುಕಿದೆಯಾ?”

ಕ್ಯಾಮೆರಾ ಓಡುತ್ತಿತ್ತು. ಇನ್ನೂರು ಜನ ಉಸಿರು ಬಿಗಿಹಿಡಿದು ಕೂತಿದ್ದ ಸಭಾಂಗಣದಲ್ಲಿ ಆ ಪ್ರಶ್ನೆ ಗಟ್ಟಿಯಾಗಿ ಕೇಳಿಬಂತು. “ಕಟ್!” ಎಂದು ನಿರ್ದೇಶಕ ತಲೆಯ ಮೇಲೆ ಕೈಹೊತ್ತ. ಬಾಡಿಗೆಗೆ ಬಂದಿದ್ದ ಸಭಿಕರು ಕಿಸಕ್ಕನೆ ನಕ್ಕರು. ಕ್ಯಾಮೆರಾದ ಹಿಂದೆ, ಮೂಲೆಯ ಕುರ್ಚಿಯಿಂದ ಹಾಗೆ ಕೇಳಿದ್ದ ಸಾಹಿತಿಯ ಹೆಂಡತಿ ಮಾತ್ರ, ಎಲ್ಲರೂ ತನ್ನನ್ನೇ ಏಕೆ ನೋಡುತ್ತಿದ್ದಾರೆಂದು ತಿಳಿಯದೆ ಕನ್ನಡಕ ಸರಿಮಾಡಿಕೊಂಡರು. ಅವರಿಗೆ ಎಂಬತ್ತೆರಡು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆ ಸಾಹಿತಿಯ ಜೀವನದ ಸಿನಿಮಾ ಎಂದು ಚಿತ್ರತಂಡದವರೇ ಕಾರು ಕಳಿಸಿ ಕರೆಸಿಕೊಂಡಿದ್ದರು.

ವೇದಿಕೆಯ ಮೇಲಿದ್ದ ನಟ ಇಪ್ಪತ್ತು ವರ್ಷ ಜನರನ್ನು ನಗಿಸಿಯೇ ಹೆಸರಾದವನು. ಅವನು ಸಾಹಿತಿಯ ಪಾತ್ರಕ್ಕೆ ಆಯ್ಕೆಯಾದ ದಿನ “ವಿದೂಷಕನಿಗೆ ಸಾಹಿತಿಯ ಕೋಟು” ಎಂದು ಒಂದು ಪತ್ರಿಕೆ ಬರೆದಿತ್ತು. ಆ ತುಣುಕನ್ನು ಕತ್ತರಿಸಿ ಸಂಭಾಷಣೆಯ ಹಾಳೆಯ ಬೆನ್ನಿಗೆ ಅಂಟಿಸಿಕೊಂಡು, ಮೂರು ತಿಂಗಳು ಕನ್ನಡಿಯ ಮುಂದೆ ನಿಂತಿದ್ದ. ಸಾಹಿತಿ ಭಾಷಣ ಮಾಡುವ ಯಾವ ಫೋಟೊ ನೋಡಿದರೂ ಕತ್ತು ಎಡಕ್ಕೆ ವಾಲಿರುತ್ತಿತ್ತು. ತುಟಿ ಅಗಲವಾಗಿ ತೆರೆದಿರುತ್ತಿತ್ತು. ದೊಡ್ಡವರ ಗತ್ತು ಎಂದು ಎಲ್ಲರೂ ಹೇಳಿದ್ದರು. ಇವತ್ತಿನದು ಚಿತ್ರದ ಜೀವಾಳದ ದೃಶ್ಯ: ಕಾದಂಬರಿಯನ್ನು ಹಿಂತೆಗೆದುಕೊಳ್ಳಿ ಎಂದ ಅಧಿಕಾರಸ್ಥರಿಗೆ ಸಾಹಿತಿ ತುಂಬಿದ ಸಭೆಯಲ್ಲಿ ಉತ್ತರ ಕೊಡುವುದು. ನಾಲ್ಕು ಟೇಕ್ ಆಗಿತ್ತು. ಕತ್ತು ಬಂದಿತ್ತು, ಮನುಷ್ಯ ಬಂದಿರಲಿಲ್ಲ. ಅದು ನಟನಿಗೇ ಗೊತ್ತಿತ್ತು.

“ಬಿಡಿ ಗುರುಗಳೇ, ಮೂರನೇದೇ ಚೆನ್ನಾಗಿತ್ತು. ನಾಲ್ಕು ಗಂಟೆಗೆ ಹಾಲ್ ಬಿಟ್ಟುಕೊಡಬೇಕು,” ಎಂದ ನಿರ್ದೇಶಕ.

“ಇಲ್ಲ, ಇನ್ನೊಂದು ಮಾಡೇ ಮಾಡ್ತೀನಿ. ಅದಕ್ಕೆ ಮುಂಚೆ ಹತ್ತು ನಿಮಿಷ ಕೊಡಿ.” ನಟ ವೇದಿಕೆಯಿಂದ ಇಳಿದು ಬಂದು ಆಕೆಯ ಕುರ್ಚಿಯ ಮುಂದೆ ನೆಲದ ಮೇಲೇ ಕೂತ. “ಅಮ್ಮಾ, ಅವರ ಕತ್ತು ಹೀಗೇ ಇರ್ತಿತ್ತಲ್ಲ?”

ಆಕೆ ಅವನ ಬಾಯಿಯನ್ನೇ ನೋಡಿದರು. “ಆ ಮೀಸೆಯೊಳಗೆ ಏನು ಗೊಣಗ್ತಿದೀಯಪ್ಪಾ? ಒಂದೂ ತಿಳೀತಿಲ್ಲ.”

ಅವನು ಅಂಟಿಸಿದ್ದ ಮೀಸೆಯನ್ನು ಎರಡು ಬೆರಳಲ್ಲಿ ಮೇಲೆತ್ತಿ ಮತ್ತೆ ಕೇಳಿದ. ಆಕೆಗೆ ನಗು ಬಂತು.

“ನನಗೆ ಇಪ್ಪತ್ತಾರನೇ ವಯಸ್ಸಿಗೆ ಜ್ವರ ಬಂದು ಕಿವಿ ಹೋಯ್ತು. ಆಮೇಲೆ ತುಟಿ ನೋಡಿಯೇ ಮಾತು ತಿಳ್ಕೊಳ್ಳೋದು. ಸಭೆ ಅಂದ್ರೆ ನಾನು ಯಾವಾಗ್ಲೂ ಮೊದಲನೇ ಸಾಲು, ಅವರ ಎಡಗಡೆ, ಬಾಗಿಲ ಹತ್ತಿರದ ಕುರ್ಚಿ. ಅವರು ಊರಿಗೆಲ್ಲ ಮಾತಾಡ್ತಾ ಮುಖ ಮಾತ್ರ ನನ್ನ ಕಡೆ ಇಟ್ಕೊಳ್ತಿದ್ರು. ನನಗೂ ತಿಳೀಲಿ ಅಂತ.”

“ನಾವೆಲ್ಲ ಅದನ್ನ ಗತ್ತು ಅಂದ್ಕೊಂಡಿದ್ವಿ.”

“ಗತ್ತು ಎಲ್ಲಿಂದ ಬರಬೇಕು? ಚಪ್ಪಲಿ ಹುಡುಕಿ ಕೊಡೋಕೂ ನಾನೇ ಬೇಕಿತ್ತು.” ಆಕೆ ಧ್ವನಿ ತಗ್ಗಿಸಿದೆನೆಂದುಕೊಂಡು ಗಟ್ಟಿಯಾಗಿಯೇ ಹೇಳಿದರು: “ಭಾಷಣ ಮುಗಿದು ಜನ ಚಪ್ಪಾಳೆ ತಟ್ತಿರೋವಾಗ, ಧ್ವನಿ ಇಲ್ದೆ ಬರೀ ತುಟಿಯಲ್ಲಿ, ‘ಸಾಕು, ಮನೆಗೆ ಹೋಗೋಣ ಬಾ’ ಅಂತಿದ್ರು. ಅಷ್ಟು ಜನದಲ್ಲಿ ಒಬ್ಬರಿಗೂ ಗೊತ್ತಾಗ್ತಿರ್ಲಿಲ್ಲ.”

ನಟ ಮೇಕಪ್‌ನವನಿಂದ ಕತ್ತರಿ ತರಿಸಿದ. ನಿರ್ದೇಶಕ ಓಡಿಬಂದ. “ಅಯ್ಯೋ, ಮೀಸೆಗೆ ಕೈಹಾಕಬೇಡಿ! ಸಾಹಿತಿ ಅಂದ್ಮೇಲೆ ಮೀಸೆ ಸೊಂಪಾಗಿರಬೇಕು.”

“ಅಮ್ಮನಿಗೆ ನನ್ನ ತುಟಿ ಕಾಣಬೇಕು.”

“ಸಿನಿಮಾ ನೋಡೋರು ಅಮ್ಮನಾ, ಪ್ರೇಕ್ಷಕರಾ?”

“ಅಮ್ಮನಿಗೆ ಮುಟ್ಟದೇ ಇರೋ ಮಾತು ಪ್ರೇಕ್ಷಕರಿಗೂ ಮುಟ್ಟಲ್ಲ. ಬೇಕಾದ್ರೆ ನನ್ನನ್ನ ತೆಗೆದುಹಾಕಿ, ಮೀಸೆ ಇಟ್ಕೊಳ್ಳಿ.”

ವಾದ ಏನೆಂದು ಆಕೆಗೆ ಪೂರ್ತಿ ತಿಳಿಯಲಿಲ್ಲ. ಕತ್ತರಿ ಮಾತ್ರ ಕಂಡಿತು. “ಕೊಡಿಲ್ಲಿ. ನಲವತ್ತು ವರ್ಷ ಭಾನುವಾರ ಭಾನುವಾರ ಅವರ ಮೀಸೆ ನಾನೇ ಕತ್ತರಿಸಿದ್ದು.” ಕೂದಲು ಬಾಯಿಗೆ ಬೀಳದಂತೆ ಅವನ ಕೆಳತುಟಿಗೆ ತಮ್ಮ ಕರವಸ್ತ್ರದ ಅಂಚು ಹಿಡಿದು, ಮೇಲ್ತುಟಿ ಪೂರ್ತಿ ಕಾಣುವವರೆಗೆ ಸಣ್ಣಸಣ್ಣಗೆ ಕತ್ತರಿಸಿದರು. ನೋಡುತ್ತ ನಿಂತಿದ್ದ ನಿರ್ದೇಶಕ ಗಡಿಯಾರ ನೋಡುವುದನ್ನು ಬಿಟ್ಟ. ಆಕೆ ಎದ್ದಾಗ ಯಾರಿಗೂ ಹೇಳದೆ, ಆಕೆಯ ಕುರ್ಚಿಯನ್ನು ತಾನೇ ಹೊತ್ತುಕೊಂಡು ಹೋಗಿ ಮೊದಲನೇ ಸಾಲಿನ ತುದಿಯಲ್ಲಿ, ಬಾಗಿಲ ಹತ್ತಿರ ಇಟ್ಟ. “ಕ್ಯಾಮೆರಾಕ್ಕೆ ಸಿಕ್ಕರೆ ಸಿಗಲಿ ಬಿಡಿ,” ಎಂದ.

ಐದನೇ ಟೇಕ್.

“ಈ ಪುಸ್ತಕ ಬರೆದವನು ನಾನು. ಇದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಾಳೆ ಏನಾದರೂ ಆಗಲಿ, ಇವತ್ತು ನನ್ನ ಮಾತು ಇಷ್ಟೇ.”

ಕತ್ತನ್ನು ಎಷ್ಟು ವಾಲಿಸಬೇಕೆಂದು ನಟ ಈ ಸಲ ಯೋಚಿಸಲೇ ಇಲ್ಲ. ಎಡಗಡೆಯ ಒಬ್ಬರಿಗೆ ಒಂದೊಂದೇ ಮಾತು ತಿಳಿಯುವಂತೆ, ನಿಧಾನವಾಗಿ, ಹಿಂದೆ ಸರಿಯದವನ ಹಾಗೆ ಹೇಳಿದ. ಉಳಿದ ಇನ್ನೂರು ಜನ ಕಿವಿಗೊಟ್ಟರು. ಯಾರೂ ನಗಲಿಲ್ಲ. ನಿರ್ದೇಶಕ ಸನ್ನೆ ಮಾಡುವ ಮೊದಲೇ ಚಪ್ಪಾಳೆ ಎದ್ದಿತು. ಆ ಚಪ್ಪಾಳೆಯ ನಡುವೆ ನಟನ ತುಟಿ ಇನ್ನೊಮ್ಮೆ ಅಲುಗಿತು.

“ಕಟ್!” ಎಂದ ನಿರ್ದೇಶಕ.

ಧ್ವನಿಮುದ್ರಣದವನು ಹೆಡ್‌ಫೋನ್ ತೆಗೆದು, “ಸಾರ್, ಕೊನೇಲಿ ಏನೋ ಅಂದ್ರಲ್ಲ, ನನಗೆ ಏನೂ ಕೇಳಿಸ್ಲಿಲ್ಲ,” ಎಂದ.

ಎಲ್ಲರೂ ಬಾಗಿಲ ಹತ್ತಿರದ ಕುರ್ಚಿಯತ್ತ ತಿರುಗಿದರು. ಆಕೆ ಆಗಲೇ ಕೈಚೀಲವನ್ನು ತೋಳಿಗೆ ಏರಿಸಿಕೊಂಡು ಎದ್ದು ನಿಂತಿದ್ದರು.

“ಕೇಳಿಸ್ತು ರೀ,” ಎಂದರು ವೇದಿಕೆಯ ಕಡೆ ನೋಡಿ, “ಬಂದೆ.”