ಅಮಾವಾಸ್ಯೆಯ ರಜೆ

ಕೋಡ್ ಕದ್ದ ಆರೋಪ ಬಂದರೆ ಈಗಿನ ಕೋರ್ಟುಗಳಲ್ಲಿ ಸಾಕ್ಷಿ ಕೇಳುವುದಿಲ್ಲ. ದೂರು ಕೊಟ್ಟವರ ತಲೆಯಿಂದಲೂ ಆರೋಪಿಯ ತಲೆಯಿಂದಲೂ ಆ ಕೋಡನ್ನು ಅಳಿಸಿ, ಹೊಸದಾಗಿ ಬರೆಯಲು ಕೂರಿಸುತ್ತಾರೆ. ಯಾರು ಬರೆದದ್ದು ಮೂಲವನ್ನು ಹೋಲುತ್ತದೋ ಕೋಡು ಅವರದು. ಅಳಿಸಿದ್ದು ಮರಳಿ ಬರುವುದಿಲ್ಲ.

"ತಪ್ಪಾತು ಅಂದುಬಿಡ್ರಿ ನೀಲಾಂಬಿಕಾ, ಕಂಪನಿಯವರು ಕೇಸು ಹಿಂದ ತಗೋತಾರ," ಎಂದು ಅವಳ ವಕೀಲರಾದ ಪಟ್ಟಣಶೆಟ್ಟರು ಬೆಳಿಗ್ಗೆಯೂ ಹೇಳಿ ನೋಡಿದರು.

"ಮಾಡಲಾರದ ತಪ್ಪು ಹೆಂಗ ಒಪ್ಪಲಿ? ಅಳಸ್ಲಿ ಬಿಡ್ರಿ," ಎಂದು ನೀಲಾಂಬಿಕಾ ಕುರ್ಚಿಯಲ್ಲಿ ಕೂತೇಬಿಟ್ಟಳು. ಮಗ್ಗ ನಡೆಸುವ ಆ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲೆಂದು ಅವಳು ಬಿಟ್ಟುಕೊಟ್ಟಿದ್ದಳು. ಅದು ಜರ್ಮನಿಯಲ್ಲಿರುವ ತನ್ನ ಗಿರಣಿಗಳಿಗೆಂದು ಬರೆಸಿದ್ದು, ಅವಳು ಕದ್ದಿದ್ದಾಳೆ ಎಂದು ಕಂಪನಿ ದೂರು ಕೊಟ್ಟಿತ್ತು. ಸೋತರೆ ಗುಳೇದಗುಡ್ಡದ ನೇಕಾರರೆಲ್ಲ ಅದನ್ನು ಕಂಪನಿಯಿಂದ ಕೊಳ್ಳಬೇಕಾಗುತ್ತಿತ್ತು.

ಅಳಿಸಿಯಾದ ಮೇಲೆ ಅವಳ ತಲೆಯಲ್ಲಿ ಮಗ್ಗವಷ್ಟೇ ಉಳಿದಿತ್ತು, ಕೋಡಿನ ಒಂದಕ್ಷರವೂ ಇರಲಿಲ್ಲ. ಆದರೂ ಸಂಜೆಯೊಳಗೆ ಬರೆದು ಮುಗಿಸಿದಳು. ಕಂಪನಿಯ ಎಂಜಿನಿಯರನೂ ಮುಗಿಸಿದ್ದ.

ನೀಲಾಂಬಿಕಾ ಬರೆದದ್ದನ್ನು ಓದುತ್ತ ನ್ಯಾಯಾಧೀಶರು ಒಂದು ಕಡೆ ನಿಂತರು. "ತಿಂಗಳಿಗೊಂದು ದಿನ ಮಗ್ಗ ತಾನಾಗಿ ನಿಲ್ಲುತ್ತದೆ. ಯಾಕಮ್ಮ?"

ಇದೆಂಥ ಪ್ರಶ್ನೆ ಅನ್ನಿಸಿತು ಅವಳಿಗೆ. "ಅವತ್ತು ಅಮಾಸಿ ಅಲ್ರೀ. ಅಮಾಸಿ ದಿನ ಮಗ್ಗಕ್ಕ ಯಾರು ಕೂಡ್ತಾರ?"

ನ್ಯಾಯಾಧೀಶರು ಎಂಜಿನಿಯರ್ ಬರೆದದ್ದನ್ನು ತಿರುವಿ ನೋಡಿದರು. ಅದರಲ್ಲಿ ರಜೆಯೇ ಇರಲಿಲ್ಲ. ಆಮೇಲೆ ಕಂಪನಿ ಇಷ್ಟು ದಿನ ಮಾರುತ್ತಿದ್ದ ತಂತ್ರಾಂಶವನ್ನು ತೆರೆದು ಓದಿ, ಕಂಪನಿಯ ವಕೀಲರ ಕಡೆ ತಿರುಗಿದರು.

"ಜರ್ಮನಿಯಲ್ಲಿರುವ ನಿಮ್ಮ ಗಿರಣಿಗಳು ಯಾವಾಗಿನಿಂದ ಅಮಾವಾಸ್ಯೆ ಆಚರಿಸುತ್ತಿವೆ?"